ಲಿಪೋ ಬ್ಯಾಟರಿಯ ಚಾರ್ಜಿಂಗ್ ಕೇಬಲ್: ಎಕ್ಸ್‌ಟಿ60 ಕನೆಕ್ಟರಿಗೆ ಬೆಸುಗೆ ಹಿಡಿಯುತ್ತಿಲ್ಲ

ಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಭತ್ತದ ಕೊಯ್ಲು ಮುಗಿದು ಗದ್ದೆಬಯಲು ತೆರವಾದ ಮೇಲೆ ರೇಡಿಯೊ ನಿಯಂತ್ರಣದ ಪುಟ್ಟ ವಿಮಾನಗಳನ್ನು ಹಾರಿಸುವುದು ನನ್ನ ಹವ್ಯಾಸ. ನನ್ನಲ್ಲಿರುವುದು ಮೂರು ಸೆಲ್‌ಗಳ, 2200 ಎಂಎಎಚ್ ಸಾಮರ್ಥ್ಯದ ಲಿಪೋ, ಅಂದರೆ ಲಿಥಿಯಂ ಪಾಲಿಮರ್, ಬ್ಯಾಟರಿಗಳು. ಬ್ಯಾಟರಿಯ ಮುಖ್ಯ ತಂತಿಗಳ ತುದಿಯಲ್ಲಿ ಎಕ್ಸ್‌ಟಿ60 ಕನೆಕ್ಟರ್ ಇದೆ. ಚಾರ್ಜರಿನಲ್ಲಿ 4 ಮಿಲಿಮೀಟರಿನ ಬನಾನಾ ಪ್ಲಗ್ ಕೂರುವ ಎರಡು ತೂತುಗಳಿವೆ. ಚಾರ್ಜರಿನೊಂದಿಗೆ ಬಂದ ಕೇಬಲಿನ ಕನೆಕ್ಟರ್ ಬೇರೆ ಬಗೆಯದಾದ್ದರಿಂದ, ಇವೆರಡನ್ನೂ ಸೇರಿಸುವ, ಸುಮಾರು 30 ಸೆಂಟಿಮೀಟರ್ ಉದ್ದದ ಕೇಬಲನ್ನು ಮನೆಯಲ್ಲೇ ಬೆಸೆದುಕೊಳ್ಳಲು ಹೊರಟಿದ್ದೇನೆ.

ತೊಡಕಿರುವುದು ಎಕ್ಸ್‌ಟಿ60ರ ಬೆಸುಗೆಯಲ್ಲಿ. ರೇಡಿಯೊ ರಿಪೇರಿಗೆ ಬಳಸುವಂಥ, 25 ವ್ಯಾಟಿನ, ಚೂಪು ಮೊನೆಯ ಸೋಲ್ಡರಿಂಗ್ ಐರನ್ ನನ್ನ ಬಳಿ ಇದೆ. ಅದಕ್ಕೆ ಸೋಲ್ಡರ್ ಕರಗುತ್ತದೆ, ಆದರೆ ಪಿನ್ನಿನ ಹಿಂಬದಿಯ ಬಟ್ಟಲಿನಲ್ಲಿ ಹರಡಿಕೊಳ್ಳದೆ ಉಂಡೆಯಾಗಿ ನಿಲ್ಲುತ್ತದೆ; ಆರಿದ ಮೇಲೆ ತಂತಿಯನ್ನು ಎಳೆದರೆ ಕಿತ್ತು ಬರುತ್ತದೆ. ಹೆಚ್ಚು ಹೊತ್ತು ಹಿಡಿದರೆ ಹಳದಿ ನೈಲಾನ್ ಕವಚ ಮೆದುವಾಗಿ ಪಿನ್ನು ವಾಲುತ್ತದೆ. ಸಾಮಾನು ಕೊಂಡ ಅಂಗಡಿಯಲ್ಲಿ ವಿಚಾರಿಸಿದಾಗ, ರೇಡಿಯೇಟರ್ ಬೆಸೆಯುವವರು ಬಳಸುವ ಡಬ್ಬಿಯ ಪೇಸ್ಟನ್ನು ಹಚ್ಚಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ ಎಂದರು. ಅದನ್ನು ಹಚ್ಚಲು ಮನಸ್ಸು ಒಪ್ಪದೆ ಇಲ್ಲಿ ಕೇಳುತ್ತಿದ್ದೇನೆ.

ಇದರ ಜೊತೆಗೆ ಇನ್ನೆರಡು ಸಂದೇಹಗಳಿವೆ. ತಂತಿ 12 ಗೇಜಿಗಿಂತ ತೆಳುವಾಗಿದ್ದರೆ (ಗೇಜಿನ ಅಂಕಿ ಹೆಚ್ಚಿದಷ್ಟೂ ತಂತಿ ತೆಳು) ಸೆಲ್‌ಗಳು ಪೂರ್ತಿ ತುಂಬುವುದಿಲ್ಲ ಎಂದು ಗೆಳೆಯರೊಬ್ಬರು ಹೇಳುತ್ತಾರೆ, ಇದು ನಿಜವೇ? ಹಾಗೆಯೇ, ನಮ್ಮ ಕಡೆಯ ಮಳೆಗಾಲವನ್ನು ಕಳೆದ ಹಳೆಯ ಕೇಬಲೊಂದರಲ್ಲಿ ಬೆಸುಗೆಯ ಬುಡದ ತಾಮ್ರವೆಲ್ಲ ಹಸಿರುಗಟ್ಟಿತ್ತು. ಹೊಸದಕ್ಕೂ ಹೀಗಾಗದಂತೆ ಏನು ಮಾಡಬೇಕು?

ಉತ್ತರ: ಬೆಸುಗೆಮನೆ, ಶಿವಮೊಗ್ಗ

ಪೇಸ್ಟನ್ನು ತಿರಸ್ಕರಿಸಿದ್ದು ಸರಿಯಾಯಿತು. ಕಾರಣವನ್ನು ಮುಂದೆ ಹೇಳುತ್ತೇನೆ, ಮೊದಲು ಐರನ್ನಿನ ವಿಚಾರ.

25 ವ್ಯಾಟಿನ ಐರನ್ನಿನ ಮೊನೆ ಸೋಲ್ಡರ್ ಕರಗುವಷ್ಟು ಬಿಸಿಯಾಗಿಯೇ ಇರುತ್ತದೆ. ಆದರೆ ಆ ತೆಳು ಮೊನೆಯನ್ನು ಎಕ್ಸ್‌ಟಿ60ರ ಪಿನ್ನಿಗೆ ತಾಗಿಸಿದ ಕೂಡಲೇ ಅದರಲ್ಲಿದ್ದ ಶಾಖವನ್ನು ಪಿನ್ನೂ, ಪಿನ್ನಿಗೆ ಸೇರಿಸಿದ ದಪ್ಪ ತಾಮ್ರದ ತಂತಿಯೂ ಎಳೆದುಕೊಂಡುಬಿಡುತ್ತವೆ. ಹಾಗೆ ಹೋದ ಶಾಖವನ್ನು ಅಷ್ಟೇ ಬೇಗ ತುಂಬಿಕೊಡುವ ಶಕ್ತಿ 25 ವ್ಯಾಟಿಗಿಲ್ಲ. ಬಚ್ಚಲ ಹಂಡೆಯ ನೀರನ್ನು ಮೇಣದಬತ್ತಿಯಿಂದ ಕಾಯಿಸಲು ಹೊರಟಂತೆ ಇದು. ಮೊನೆಗೆ ತಾಗಿದ ಸೋಲ್ಡರ್ ಕರಗುತ್ತದೆ, ಪಿನ್ನು ಮಾತ್ರ ಕರಗುವ ಬಿಂದುವಿನ ಕೆಳಗೇ ಉಳಿಯುತ್ತದೆ, ಸೋಲ್ಡರ್ ಅದರ ಮೇಲೆ ಹರಡದೆ ಉಂಡೆಗಟ್ಟುತ್ತದೆ. ನೀವು ಕಾಯುತ್ತ ಕೂತಷ್ಟು ಹೊತ್ತೂ ಶಾಖ ನಿಧಾನವಾಗಿ ಹಿಂದಕ್ಕೆ ಹರಿದು ನೈಲಾನನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ನಿಮ್ಮ ಎರಡು ದೂರುಗಳಿಗೂ, ಅಂದರೆ ಹಿಡಿಯದ ಬೆಸುಗೆಗೂ ವಾಲುವ ಪಿನ್ನಿಗೂ, ಮೂಲ ಒಂದೇ. ಹೆಚ್ಚು ಶಾಖವನ್ನು ಕಡಿಮೆ ಹೊತ್ತು ಕೊಡುವುದೇ ಇದಕ್ಕೆ ದಾರಿ.

60 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ, ಉಷ್ಣತೆಯನ್ನು ಹೊಂದಿಸಿಕೊಳ್ಳಬಹುದಾದ ಐರನ್ನನ್ನು ಕೊಳ್ಳಿ ಅಥವಾ ಎರವಲು ತನ್ನಿ. ಮೊನೆ ಉಳಿಯಂತೆ ಚಪ್ಪಟೆಯಾಗಿದ್ದು 3 ಮಿಲಿಮೀಟರ್ ಅಥವಾ ಅದಕ್ಕಿಂತ ಅಗಲವಿರಲಿ, ಏಕೆಂದರೆ ಶಾಖ ದಾಟುವುದು ತಾಗುವ ಮೈಯ ವಿಸ್ತಾರದ ಮೂಲಕ. ಉಷ್ಣತೆಯನ್ನು 380ರಿಂದ 400 ಡಿಗ್ರಿ ಸೆಲ್ಸಿಯಸ್ಸಿಗೆ ಇಟ್ಟರೆ ಪ್ರತಿಯೊಂದು ಪಿನ್ನಿನ ಕೆಲಸ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಸೋಲ್ಡರ್ ಕೊಳ್ಳುವಾಗ ಸುರುಳಿಯ ಮೇಲಿನ ಅಂಕಿಯನ್ನು ನೋಡಿ. 63 ಪಾಲು ತವರ, 37 ಪಾಲು ಸೀಸ ಇರುವ ಸೋಲ್ಡರ್ 183 ಡಿಗ್ರಿಯಲ್ಲಿ ಒಮ್ಮೆಗೇ ಕರಗಿ ಒಮ್ಮೆಗೇ ಗಟ್ಟಿಯಾಗುತ್ತದೆ, ನಡುವೆ ರಾಡಿಯಂಥ ಸ್ಥಿತಿ ಇರುವುದಿಲ್ಲ. ಕೈಬೆಸುಗೆಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. 60/40 ಸಿಕ್ಕರೂ ಸಾಕು. ಸೀಸರಹಿತ ಸೋಲ್ಡರುಗಳಲ್ಲಿ ಸಾಮಾನ್ಯವಾದ ತವರ-ಬೆಳ್ಳಿ-ತಾಮ್ರದ ಮಿಶ್ರಣ ಕರಗತೊಡಗುವುದೇ 217 ಡಿಗ್ರಿಯಲ್ಲಿ, ಹಾಗಾಗಿ ನಿಮ್ಮ ಈಗಿನ ಐರನ್ನಿಗೆ ಅದು ಇನ್ನಷ್ಟು ಕಷ್ಟ. ಯಾವುದನ್ನೇ ಕೊಂಡರೂ ಸೋಲ್ಡರ್ ತಂತಿಯ ಹೊಟ್ಟೆಯೊಳಗೆ ರಾಳದ ಫ್ಲಕ್ಸ್, ಅಂದರೆ ಲೋಹದ ಮೇಲಿನ ಆಕ್ಸೈಡನ್ನು ತೆಗೆದು ಬೆಸುಗೆ ಹಿಡಿಯುವಂತೆ ಮಾಡುವ ವಸ್ತು, ಇರುವುದನ್ನೇ ಆರಿಸಿ.

ಬೆಸೆಯುವ ಮೊದಲು ಎಕ್ಸ್‌ಟಿ60ರ ಇನ್ನೊಂದು ಜೋಡಿಯನ್ನು, ಯಾವ ಬ್ಯಾಟರಿಗೂ ಸೇರಿರದ ಬಿಡಿ ಕನೆಕ್ಟರನ್ನು, ಇದರೊಳಗೆ ತೂರಿಸಿಡಿ. ನೈಲಾನ್ ಸ್ವಲ್ಪ ಮೆದುವಾದರೂ ಆ ಜೋಡಿ ಪಿನ್ನುಗಳನ್ನು ನೇರವಾಗಿ ಹಿಡಿದುಕೊಳ್ಳುತ್ತದೆ, ಜೊತೆಗೆ ಅಧಿಕ ಶಾಖವನ್ನು ತಾನೂ ಹೀರಿಕೊಳ್ಳುತ್ತದೆ. ಕನೆಕ್ಟರನ್ನು ಸಣ್ಣ ವೈಸಿನಲ್ಲಿ ಬಟ್ಟಲು ಮೇಲ್ಮುಖವಾಗುವಂತೆ ಹಿಡಿಸಿ; ವೈಸಿನ ಲೋಹದ ದವಡೆ ನೇರವಾಗಿ ಪಿನ್ನಿಗೆ ತಾಗದಿರಲಿ. ಕುಗ್ಗುವ ಕೊಳವೆಯನ್ನು, ಅಂದರೆ ಹೀಟ್ ಶ್ರಿಂಕನ್ನು, ತಂತಿಗೆ ಮೊದಲೇ ಪೋಣಿಸಿ ದೂರಕ್ಕೆ ಸರಿಸಿಡಿ. ತಂತಿಯ ತುದಿಯನ್ನು ಬಟ್ಟಲಿನ ಆಳದಷ್ಟೇ ಸುಲಿದು, ಎಳೆಗಳನ್ನು ಹಗುರವಾಗಿ ತಿರುಚಿ, ಸೋಲ್ಡರ್ ಕುಡಿಸಿ. ಬಟ್ಟಲಿಗೂ ಬೇರೆಯಾಗಿ ಅರ್ಧದಷ್ಟು ಸೋಲ್ಡರ್ ತುಂಬಿಸಿ. ಕೊನೆಯಲ್ಲಿ ಮೊನೆಗೆ ಒಂದು ಹನಿ ಹೊಸ ಸೋಲ್ಡರ್ ಹಚ್ಚಿ, ಬಟ್ಟಲಿನ ಹೊರಮೈಗೆ ಒತ್ತಿ ಹಿಡಿದು, ಒಳಗಿನದು ದ್ರವವಾದ ಕ್ಷಣದಲ್ಲಿ ತಂತಿಯನ್ನು ಇಳಿಸಿ, ಐರನ್ನನ್ನು ತೆಗೆದು, ಗಟ್ಟಿಯಾಗುವ ತನಕ ಕೈ ಅಲುಗದಂತೆ ಹಿಡಿಯಿರಿ. ಗಟ್ಟಿಯಾಗುವ ಹೊತ್ತಿನಲ್ಲಿ ಅಲುಗಿದ ಬೆಸುಗೆ ಹೊರಗೆ ಕೂಡಿಕೊಂಡಂತೆ ಕಂಡರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಸೀಸ ಇರುವ ಬೆಸುಗೆ ಸರಿಯಾಗಿದ್ದರೆ ನಯವಾಗಿ ಹೊಳೆಯುತ್ತದೆ. ಸೀಸರಹಿತವಾದದ್ದು ಸರಿಯಾಗಿದ್ದರೂ ಮಂಕಾಗಿಯೇ ಕಾಣುವುದರಿಂದ ಅದನ್ನು ಹೊಳಪಿನಿಂದ ಅಳೆಯಬಾರದು.

ಸೋಲ್ಡರ್ ತಂತಿಯ ಎಳೆಗಳ ನಡುವೆ ಹತ್ತಿಕೊಂಡು ಇನ್ಸುಲೇಷನ್ನಿನ ಒಳಗೆ ಬಹಳ ದೂರ ಹೋಗಲು ಬಿಡಬೇಡಿ. ಹಾಗೆ ಹೋದ ಭಾಗ ಕಡ್ಡಿಯಂತಾಗುತ್ತದೆ, ಮತ್ತು ಗಡುಸಾದ ಭಾಗ ಮುಗಿದು ಮೆದು ಭಾಗ ಆರಂಭವಾಗುವ ಗೆರೆಯಲ್ಲೇ ತಂತಿ ಮುರಿಯುವುದು. ಕುಗ್ಗುವ ಕೊಳವೆ ಆ ಗೆರೆಯನ್ನು ದಾಟಿ ಒಂದು ಸೆಂಟಿಮೀಟರಾದರೂ ಮುಂದೆ ಬರುವಂತೆ ಕತ್ತರಿಸಿ.

ಇನ್ನು ಆ ಪೇಸ್ಟ್. ರೇಡಿಯೇಟರ್ ಕೆಲಸದ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಸತುವಿನ ಕ್ಲೋರೈಡ್, ಕೆಲವೊಮ್ಮೆ ಅಮೋನಿಯಂ ಕ್ಲೋರೈಡ್ ಕೂಡ. ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಈ ಅಮೋನಿಯಂ ಕ್ಲೋರೈಡೇ. ಲೋಹದ ಮೇಲಿನ ಆಕ್ಸೈಡನ್ನು ತಿಂದುಹಾಕುವುದರಲ್ಲಿ ಇವು ಬಹಳ ಚುರುಕು. ಕಲಾಯಿ ಹಾಕಿದ ಪಾತ್ರೆಯನ್ನು ಆಮೇಲೆ ತೊಳೆಯಬಹುದು. ಕೂದಲೆಳೆಯ ನೂರಾರು ತಂತಿಗಳ ನಡುವೆ ಇಂಗಿದ್ದನ್ನು ತೊಳೆಯಲಾಗದು. ಉಳಿದ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಂಡು ತಾಮ್ರವನ್ನು ತಿನ್ನುತ್ತಲೇ ಇರುತ್ತದೆ. ಆಗುಂಬೆಯ ಆಸುಪಾಸಿನಲ್ಲಿ ಗೋಡೆ, ಬಟ್ಟೆ, ಪುಸ್ತಕಗಳೇ ಬೂಷ್ಟು ಹಿಡಿಯುವ ತಿಂಗಳುಗಳಲ್ಲಿ ಈ ಕೆಲಸ ಎಷ್ಟು ಬೇಗ ಸಾಗುತ್ತದೆಂದು ಹೇಳಬೇಕಾಗಿಲ್ಲ. ನಿಮ್ಮ ಹಳೆಯ ಕೇಬಲಿನ ಹಸಿರು ಬೆಸುಗೆಯ ಬುಡದಲ್ಲೇ ಹೆಚ್ಚಾಗಿದ್ದರೆ ಇಂಥ ಫ್ಲಕ್ಸನ್ನೇ ನಾನು ಮೊದಲು ಸಂಶಯಿಸುತ್ತೇನೆ. ಹಸಿರುಗಟ್ಟಿದ ತಂತಿಯನ್ನು ಉಜ್ಜಿ ಮತ್ತೆ ಬೆಸೆಯಲು ಹೋಗದೆ, ಕೆಂಪು ತಾಮ್ರ ಕಾಣುವ ತನಕ ಕತ್ತರಿಸಿ ಎಸೆಯಿರಿ. ರಾಳದ ಉಳಿಕೆಯಿಂದ ಇಂಥ ಅಪಾಯವಿಲ್ಲವಾದರೂ, ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಿಸಿ, ಆಮೇಲೆ ಕೊಳವೆಯನ್ನು ಕುಗ್ಗಿಸುವುದು ಉತ್ತಮ. ಒಳಗೆ ಅಂಟು ಸವರಿರುವ ಕೊಳವೆ ಸಿಕ್ಕರೆ ನಮ್ಮ ಹವೆಗೆ ಅದೇ ಒಳ್ಳೆಯದು.

ಬೆಸೆಯುವಾಗ ಏಳುವ ಹೊಗೆ ರಾಳದ್ದು, ಸೀಸದ್ದಲ್ಲ. ಆದರೂ ಅದು ಉಬ್ಬಸ ತರಿಸಬಲ್ಲದು, ಆದ್ದರಿಂದ ಕಿಟಕಿ ತೆರೆದಿರಲಿ. ಸೀಸ ದೇಹ ಸೇರುವುದು ಬೆರಳುಗಳ ಮೂಲಕ. ಕೆಲಸ ಮುಗಿದ ಕೂಡಲೇ ಕೈ ತೊಳೆಯಿರಿ, ನಡುವೆ ಏನನ್ನೂ ತಿನ್ನಬೇಡಿ.

ಉತ್ತರ: ಶರಾವತಿಕಣಿವೆ, ಸಾಗರ

ಬೆಸುಗೆಯ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ತಂತಿಯ ದಪ್ಪದ ಬಗ್ಗೆ ನಿಮ್ಮ ಗೆಳೆಯರ ಮಾತನ್ನು ಮಾತ್ರ ಲೆಕ್ಕ ಹಾಕಿ ನೋಡೋಣ.

2200 ಎಂಎಎಚ್ ಬ್ಯಾಟರಿಯನ್ನು 1ಸಿ ದರದಲ್ಲಿ, ಅಂದರೆ ಅದರ ಸಾಮರ್ಥ್ಯವನ್ನು ಒಂದು ಗಂಟೆಯಲ್ಲಿ ತುಂಬುವಷ್ಟು ಪ್ರವಾಹದಲ್ಲಿ, ತುಂಬಿಸಿದರೆ ಹರಿಯುವುದು 2.2 ಆಂಪಿಯರ್. 16 ಗೇಜಿನ ತಾಮ್ರದ ತಂತಿಯ ಅಡ್ಡಕೊಯ್ತ ಸುಮಾರು 1.3 ಚದರ ಮಿಲಿಮೀಟರ್, ಒಂದು ಮೀಟರಿಗೆ ರೋಧ ಸುಮಾರು 13 ಮಿಲಿಓಮ್. ಹೋಗುವ ತಂತಿ, ಬರುವ ತಂತಿ ಎರಡನ್ನೂ ಸೇರಿಸಿದರೆ ನಿಮ್ಮ ಕೇಬಲಿನಲ್ಲಿ 60 ಸೆಂಟಿಮೀಟರ್ ತಾಮ್ರವಿದೆ. ಅದರ ರೋಧ ಸುಮಾರು 8 ಮಿಲಿಓಮ್, ಅದರಲ್ಲಿ ಕಳೆದುಹೋಗುವ ವೋಲ್ಟೇಜ್ ಸುಮಾರು 0.017 ವೋಲ್ಟ್. ಇಷ್ಟು ಅಲ್ಪ ಕೊರತೆಯೂ ಕೊನೆಯಲ್ಲಿ ಉಳಿಯುವುದಿಲ್ಲ, ಏಕೆಂದರೆ ಸೆಲ್‌ಗಳು 4.20 ವೋಲ್ಟ್ ಸಮೀಪಿಸಿದ ಮೇಲೆ ಚಾರ್ಜರ್ ಪ್ರವಾಹವನ್ನು ಕ್ರಮೇಣ ತಗ್ಗಿಸುತ್ತ ಹೋಗುತ್ತದೆ, ಪ್ರವಾಹ ತಗ್ಗಿದಂತೆ ಕೊರತೆಯೂ ತಗ್ಗುತ್ತದೆ. ಅಲ್ಲದೆ ಬ್ಯಾಲೆನ್ಸ್ ಕನೆಕ್ಟರಿನ ನಾಲ್ಕು ತೆಳು ತಂತಿಗಳ ಮೂಲಕ ಚಾರ್ಜರ್ ಪ್ರತಿಯೊಂದು ಸೆಲ್ಲಿನ ವೋಲ್ಟೇಜನ್ನು ಬೇರೆಬೇರೆಯಾಗಿ ಅಳೆಯುತ್ತಿರುತ್ತದೆ. ಆದ್ದರಿಂದ 12 ಗೇಜ್ ಇಲ್ಲದೆ ಸೆಲ್ ತುಂಬುವುದಿಲ್ಲ ಎಂಬ ಮಾತಿಗೆ ಆಧಾರವಿಲ್ಲ. ವಿಮಾನದ ಮೋಟಾರು 30, 40 ಆಂಪಿಯರ್ ಎಳೆಯುವ ಕಡೆ ದಪ್ಪ ತಂತಿ ಬೇಕು. ಚಾರ್ಜಿಂಗ್ ಕೇಬಲಿಗೆ 16 ಗೇಜ್ ಧಾರಾಳವಾಯಿತು, ಮತ್ತು ತಾಮ್ರ ಕಡಿಮೆಯಾದಷ್ಟೂ ಅದು ಎಳೆದುಕೊಳ್ಳುವ ಶಾಖವೂ ಕಡಿಮೆಯಾಗಿ ನಿಮ್ಮ ಬೆಸುಗೆ ಸುಲಭವಾಗುತ್ತದೆ.

ದಪ್ಪಕ್ಕಿಂತ ಜಾತಿಯನ್ನು ನೋಡಿ ಕೊಳ್ಳಿ. ಸಿಲಿಕೋನ್ ಹೊದಿಕೆಯ, ನವಿರಾದ ಎಳೆಗಳ ತಂತಿಯೇ ಬೇಕು. ಆ ಹೊದಿಕೆ ಸುಮಾರು 200 ಡಿಗ್ರಿಯ ತನಕ ತಾಳುತ್ತದೆ. ಮನೆಯ ವೈರಿಂಗಿನ ಪಿವಿಸಿ ತಂತಿಯ ಹೊದಿಕೆ ಬೆಸುಗೆಯ ಶಾಖಕ್ಕೆ ಹಿಂದಕ್ಕೆ ಸರಿದು ತಾಮ್ರವನ್ನು ಬಯಲಾಗಿಸುತ್ತದೆ. ಕಡಿಮೆ ಬೆಲೆಗೆ ಸಿಗುವ ತಂತಿಗಳಲ್ಲಿ ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟವೂ ಇವೆ. ಒಂದೆರಡು ಎಳೆಗಳನ್ನು ಬ್ಲೇಡಿನಿಂದ ಕೆರೆದು ನೋಡಿ: ಹೊರಗೆ ಕೆಂಪಗಿದ್ದು ಒಳಗೆ ಬೆಳ್ಳಗಿದ್ದರೆ ಅದು ಅಲ್ಯೂಮಿನಿಯಂ, ಹಿಂದಿರುಗಿಸಿ. ಹೊರಗೆ ಬೆಳ್ಳಗಿದ್ದು ಒಳಗೆ ಕೆಂಪಗಿದ್ದರೆ ತವರ ಲೇಪಿಸಿದ ತಾಮ್ರ, ಮಲೆನಾಡಿನ ತೇವಕ್ಕೆ ಅದೇ ಹೆಚ್ಚು ಬಾಳಿಕೆಯದು.

ಬನಾನಾ ಪ್ಲಗ್ಗಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಿಮ್ಮದು ಸ್ಕ್ರೂ ಬಿಗಿಯುವ ಬಗೆಯದಾದರೆ ಆ ತುದಿಗೆ ಸೋಲ್ಡರ್ ಕುಡಿಸಬೇಡಿ. ಸೋಲ್ಡರ್ ಮೆದು ಲೋಹ. ಸ್ಕ್ರೂವಿನ ಒತ್ತಡದಲ್ಲಿ ಅದು ದಿನ ಕಳೆದಂತೆ ಹಿಸುಕಿಕೊಂಡು ಸರಿಯುತ್ತದೆ, ಹಿಡಿತ ಸಡಿಲವಾಗುತ್ತದೆ. ಬೆಸೆಯುವುದಾದರೆ ಪೂರ್ತಿ ಬೆಸೆಯಿರಿ, ಬಿಗಿಯುವುದಾದರೆ ಬರಿ ತಾಮ್ರವನ್ನೇ ಬಿಗಿಯಿರಿ.

ಉತ್ತರ: ಕೊಡಚಾದ್ರಿನೆರಳು, ಹೊಸನಗರ

ಇಬ್ಬರೂ ಹೇಳದೆ ಬಿಟ್ಟ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಕೇಬಲನ್ನು ಮೊದಲು ಚಾರ್ಜರಿಗೆ ಜೋಡಿಸಿ, ಆಮೇಲೆ ಬ್ಯಾಟರಿಗೆ. ಬಿಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಚಾರ್ಜರ್. ಈ ಕ್ರಮ ತಪ್ಪಿದರೆ ಎರಡು ಬೆತ್ತಲೆ ಬನಾನಾ ಪ್ಲಗ್ಗುಗಳು ಬ್ಯಾಟರಿಯ ಪೂರ್ಣ ವೋಲ್ಟೇಜಿನೊಂದಿಗೆ ಮೇಜಿನ ಮೇಲೆ ಬಿದ್ದಿರುತ್ತವೆ. ಅವೆರಡೂ ಒಂದಕ್ಕೊಂದು ತಾಗಿದರೆ ಇಂಥ ಬ್ಯಾಟರಿ ನೂರು ಆಂಪಿಯರಿಗೂ ಮಿಕ್ಕಿ ಸುರಿಯಬಲ್ಲದು. ನೀವು ಶ್ರಮಪಟ್ಟು ಮಾಡಿದ ಬೆಸುಗೆ ಕ್ಷಣದಲ್ಲಿ ಕರಗುತ್ತದೆ, ಸೆಲ್ ಉಬ್ಬಿ ಹೊತ್ತಿಕೊಳ್ಳಬಹುದು. ಲೋಹದ ಭಾಗವನ್ನು ಮುಚ್ಚಿಕೊಳ್ಳುವ, ಒಳಕ್ಕೆ ಸರಿಯುವ ತೋಳಿರುವ ಪ್ಲಗ್ಗುಗಳು ಸಿಗುತ್ತವೆ. ಸ್ವಲ್ಪ ಹೆಚ್ಚು ಹಣವಾದರೂ ಅವನ್ನೇ ತನ್ನಿ, ನಿಮ್ಮ ಚಾರ್ಜರಿನ ತೂತಿಗೆ ಹೊಂದುತ್ತವೆಯೇ ಎಂದು ನೋಡಿಕೊಳ್ಳಿ.

ಕೇಬಲ್ ಸಿದ್ಧವಾದ ಮೇಲೆ, ಬ್ಯಾಟರಿಯನ್ನು ಹತ್ತಿರ ತರುವ ಮುಂಚೆಯೇ, ಮಲ್ಟಿಮೀಟರನ್ನು ಸದ್ದು ಮಾಡುವ ಸ್ಥಾನಕ್ಕೆ ತಿರುಗಿಸಿ ಪರೀಕ್ಷಿಸಿ. ಎಕ್ಸ್‌ಟಿ60ರ ಕವಚದ ಮೇಲೆಯೇ ಧನ, ಋಣ ಚಿಹ್ನೆಗಳು ಅಚ್ಚಾಗಿವೆ. ಧನ ಪಿನ್ನಿನಿಂದ ಕೆಂಪು ಪ್ಲಗ್ಗಿಗೆ ಸದ್ದು ಬರಬೇಕು, ಕಪ್ಪಿಗೆ ಬರಬಾರದು. ಎರಡು ಪ್ಲಗ್ಗುಗಳ ನಡುವೆ ಯಾವ ಸದ್ದೂ ಇರಬಾರದು. ಆದರೆ ಸದ್ದು ಬಂದ ಮಾತ್ರಕ್ಕೆ ಬೆಸುಗೆ ಗಟ್ಟಿಯೆಂದು ತಿಳಿಯಬೇಡಿ. ಒಂದೇ ಒಂದು ಎಳೆ ತಾಗಿದ್ದರೂ ಮೀಟರು ಕೂಗುತ್ತದೆ, ಮಿಲಿಓಮ್‌ಗಳನ್ನು ಅಳೆಯುವ ಶಕ್ತಿ ಸಾಧಾರಣ ಮೀಟರಿಗೆ ಇಲ್ಲ. ಮೊದಲು ತಂತಿಯನ್ನು ಕೈಯಿಂದ ಬಲವಾಗಿ ಎಳೆದು ನೋಡಿ. ಆಮೇಲೆ 2.2 ಆಂಪಿಯರಿನಲ್ಲಿ ಹತ್ತು ನಿಮಿಷ ಚಾರ್ಜ್ ಮಾಡಿ, ಬೆಸುಗೆಯ ಜಾಗಗಳನ್ನು ಬೆರಳಿನಿಂದ ಮುಟ್ಟಿ. ಕೆಟ್ಟ ಬೆಸುಗೆಯಲ್ಲಿ 0.1 ಓಮ್ ರೋಧವಿದ್ದರೂ ಅಲ್ಲಿ ಅರ್ಧ ವ್ಯಾಟಿನಷ್ಟು ಶಾಖ ಹುಟ್ಟುವುದರಿಂದ ಬೆಚ್ಚಗಾದದ್ದು ಬೆರಳಿಗೆ ತಿಳಿಯುತ್ತದೆ. ಒಳ್ಳೆಯ ಬೆಸುಗೆ ಉಳಿದ ತಂತಿಯಷ್ಟೇ ತಣ್ಣಗಿರುತ್ತದೆ.

ಚಾರ್ಜ್ ಮಾಡುವ ಜಾಗ ಸಿಮೆಂಟಿನ ನೆಲವೋ ಜಂಬಿಟ್ಟಿಗೆಯ ಕಟ್ಟೆಯೋ ಆಗಿರಲಿ. ಮರದ ಮುಚ್ಚಿಗೆಯ ಅಟ್ಟದಲ್ಲಿ, ಒಣ ಅಡಿಕೆಯ ಚೀಲಗಳ ಪಕ್ಕದಲ್ಲಿ ದಯವಿಟ್ಟು ಬೇಡ. ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ತೋಟಕ್ಕೆ ಹೋಗುವುದಂತೂ ಬೇಡವೇ ಬೇಡ.

ಮರುಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. 16 ಗೇಜಿನ ಸಿಲಿಕೋನ್ ತಂತಿ ತರಿಸುತ್ತೇನೆ. 60 ವ್ಯಾಟಿನ ಐರನ್ ಪರಿಚಯದವರ ಬಳಿ ಸಿಗುತ್ತದೆ.

ಇದೇ ಸಂದರ್ಭದಲ್ಲಿ ಇನ್ನೊಂದು ಕೇಬಲಿನ ಬಗ್ಗೆಯೂ ಕೇಳಬೇಕೆನಿಸಿದೆ. ಮಳೆಗಾಲದಲ್ಲಿ ಮರ ಬಿದ್ದು ಲೈನು ಹರಿದರೆ ನಮ್ಮಲ್ಲಿ ಕರೆಂಟ್ ಬರುವುದು ಯಾವಾಗಲೋ. ಚಾರ್ಜರಿನ ಹಿಂದೆ 11ರಿಂದ 18 ವೋಲ್ಟ್ ಡಿಸಿ ಒಳಹರಿವಿಗೆ ಅವಕಾಶವಿದೆ, ಮನೆಯಲ್ಲಿ ಇನ್ವರ್ಟರಿನ ಸೀಸ-ಆಮ್ಲದ ಬ್ಯಾಟರಿಯೂ ಇದೆ. ಅದರಿಂದ ನೇರವಾಗಿ ಚಾರ್ಜರಿಗೆ ಎರಡು ಮೀಟರ್ ಉದ್ದದ ಕೇಬಲ್ ಮಾಡಿಕೊಳ್ಳಬಹುದೇ? ಅದಕ್ಕೂ ಇದೇ 16 ಗೇಜ್ ಸಾಕಾಗುತ್ತದೆಯೇ?

ಉತ್ತರ: ಶರಾವತಿಕಣಿವೆ, ಸಾಗರ

ಮಾಡಿಕೊಳ್ಳಬಹುದು, ಆದರೆ ಇದು ಬೇರೆ ಸ್ವಭಾವದ ಕೇಬಲ್, ಲೆಕ್ಕವೂ ಬೇರೆ. ಮೊದಲು ನಿಮ್ಮ ಇನ್ವರ್ಟರಿಗೆ ಒಂದೇ 12 ವೋಲ್ಟ್ ಬ್ಯಾಟರಿ ಇದೆಯೇ ನೋಡಿಕೊಳ್ಳಿ. ಎರಡನ್ನು ಸರಣಿಯಲ್ಲಿ ಸೇರಿಸಿ 24 ವೋಲ್ಟ್ ಮಾಡಿದ್ದರೆ ಆ ಎರಡು ತುದಿಗಳಿಂದ ತೆಗೆದುಕೊಂಡ ವೋಲ್ಟೇಜ್ ಚಾರ್ಜರನ್ನು ಸುಟ್ಟುಹಾಕಬಹುದು.

2.2 ಆಂಪಿಯರಿನಲ್ಲಿ 12.6 ವೋಲ್ಟ್ ತನಕ ತುಂಬಿಸಲು ಬೇಕಾಗುವುದು ಸುಮಾರು 28 ವ್ಯಾಟ್. ಚಾರ್ಜರಿನೊಳಗಿನ ನಷ್ಟವನ್ನೂ ಸೇರಿಸಿದರೆ 12 ವೋಲ್ಟಿನ ಕಡೆಯಿಂದ ಸುಮಾರು 3 ಆಂಪಿಯರ್ ಎಳೆಯಬೇಕಾಗುತ್ತದೆ. ಎರಡು ಮೀಟರ್ ಕೇಬಲಿನಲ್ಲಿ ತಾಮ್ರದ ಹಾದಿ ನಾಲ್ಕು ಮೀಟರ್. 16 ಗೇಜಿನಲ್ಲಿ ಸುಮಾರು 0.16 ವೋಲ್ಟ್, 14 ಗೇಜಿನಲ್ಲಿ ಸುಮಾರು 0.1 ವೋಲ್ಟ್ ಕಳೆಯುತ್ತದೆ. ಅರ್ಧ ಚದರ ಮಿಲಿಮೀಟರಿನ ತೆಳು ತಂತಿ ಬಳಸಿದರೆ 0.4 ವೋಲ್ಟ್ ದಾಟುತ್ತದೆ. ಕರೆಂಟ್ ಹೋಗಿ ಬಹಳ ಹೊತ್ತಾಗಿ ಮನೆಯ ದೀಪಗಳಿಂದ ಆ ಬ್ಯಾಟರಿ ಇಳಿದಿರುವಾಗ, 11 ವೋಲ್ಟಿಗೆ ನಿಂತುಬಿಡುವ ಚಾರ್ಜರಿಗೆ ಈ ವ್ಯತ್ಯಾಸ ದೊಡ್ಡದು. ಹಿಂದಿನ ಕೇಬಲಿನಲ್ಲಿ ದಪ್ಪ ಮುಖ್ಯವಲ್ಲವೆಂದ ನಾನು ಇಲ್ಲಿ 14 ಗೇಜನ್ನೇ ಸಲಹೆ ಮಾಡುತ್ತೇನೆ.

ಫ್ಯೂಸ್ ಇಲ್ಲದೆ ಈ ಕೇಬಲನ್ನು ಒಮ್ಮೆಯೂ ಬಳಸಕೂಡದು. ಇನ್ವರ್ಟರಿನ ದೊಡ್ಡ ಬ್ಯಾಟರಿಯ ಮುಂದೆ ಎರಡು ಮೀಟರ್ ತಂತಿ ಎಲ್ಲಾದರೂ ಸುಲಿದು ತಾಗಿಕೊಂಡರೆ ತಂತಿಯೇ ಕೆಂಡವಾಗುತ್ತದೆ. ಕಾರುಗಳಲ್ಲಿ ಬಳಸುವ 7.5 ಅಥವಾ 10 ಆಂಪಿಯರಿನ ಬ್ಲೇಡ್ ಫ್ಯೂಸನ್ನು ಧನ ತಂತಿಯಲ್ಲಿ, ಬ್ಯಾಟರಿಯ ಕ್ಲಿಪ್ಪಿನಿಂದ ಒಂದು ಗೇಣಿನ ಒಳಗೆ ಹಾಕಿ. ಚಾರ್ಜರಿನ ತುದಿಯಲ್ಲಿ ಹಾಕಿದ ಫ್ಯೂಸ್ ಚಾರ್ಜರನ್ನು ಕಾಯಬಹುದು, ನಡುವಿನ ಎರಡು ಮೀಟರನ್ನು ಕಾಯಲಾರದು.

ಕೇಬಲಿನ ನಡುವೆ ಎಕ್ಸ್‌ಟಿ60 ಜೋಡಿಯನ್ನು ಬೆಸೆಯುವುದಾದರೆ, ಲೋಹ ಒಳಗೆ ಮುಚ್ಚಿಕೊಂಡಿರುವ ತೂತಿನ ಭಾಗ ವಿದ್ಯುತ್ ಬರುವ ಕಡೆಗೆ, ಅಂದರೆ ಬ್ಯಾಟರಿಯ ಕಡೆಗೆ ಇರಲಿ; ಪಿನ್ನು ಕಾಣುವ ಭಾಗ ಚಾರ್ಜರಿನ ಕಡೆಗೆ. ನಿಮ್ಮ ಲಿಪೋ ಬ್ಯಾಟರಿಯಲ್ಲೂ ಇದೇ ನಿಯಮದಂತೆ ತೂತಿನ ಭಾಗವಿರುವುದನ್ನು ಗಮನಿಸಿ. ಇಲ್ಲಿ ಜೋಡಿಸುವ ಕ್ರಮ ಮಾತ್ರ ಹಿಂದಿನದಕ್ಕೆ ವಿರುದ್ಧ. ಚಾರ್ಜರಿಗೆ ಒಳಹರಿವು ಸೇರುವ ಕ್ಷಣದಲ್ಲಿ ಸಣ್ಣ ಕಿಡಿ ಹಾರುವುದು ಸಹಜ, ಮತ್ತು ಚಾರ್ಜ್ ಆಗುತ್ತಿದ್ದ ಸೀಸ-ಆಮ್ಲದ ಬ್ಯಾಟರಿಯ ಬಾಯಿಯಲ್ಲಿ ಹೈಡ್ರೋಜನ್ ಅನಿಲವಿರಬಹುದು. ಹಾಗಾಗಿ ಕ್ಲಿಪ್ಪುಗಳನ್ನು ಮೊದಲು ಬ್ಯಾಟರಿಗೆ ಹಾಕಿ, ಕೊನೆಯ ಜೋಡಣೆಯನ್ನು ಬ್ಯಾಟರಿಯಿಂದ ದೂರದಲ್ಲಿರುವ ಎಕ್ಸ್‌ಟಿ60ರಲ್ಲಿ ಮಾಡಿ. ತೂತಿನ ಭಾಗ ಬ್ಯಾಟರಿಯ ಕಡೆಗೆ ಇರುವುದರಿಂದ ಆ ನಡುವಿನ ಹೊತ್ತಿನಲ್ಲಿ ಯಾವ ಲೋಹವೂ ಬೆತ್ತಲೆಯಾಗಿ ಇರುವುದಿಲ್ಲ.

ಕರೆಂಟ್ ಮರಳಿ ಬಂದಾಗ ಇನ್ವರ್ಟರ್ ತನ್ನ ಬ್ಯಾಟರಿಯನ್ನು 14 ವೋಲ್ಟ್ ಮೀರಿ ಏರಿಸತೊಡಗುತ್ತದೆ; ಅದು 18ರ ಒಳಗೇ ಇರುವುದರಿಂದ ಅಂಜಬೇಕಾಗಿಲ್ಲ. ಕ್ಲಿಪ್ಪುಗಳ ಹಲ್ಲಿನಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಂಡರೆ ಒರೆಸಿ ತೆಗೆದು ತೆಳುವಾಗಿ ವ್ಯಾಸಲೀನ್ ಸವರಿ, ಮತ್ತು ಬಳಕೆಯಿಲ್ಲದ ದಿನಗಳಲ್ಲಿ ಕೇಬಲನ್ನು ಬ್ಯಾಟರಿಗೆ ಸಿಕ್ಕಿಸಿಯೇ ಬಿಡದೆ ಕಳಚಿ ಒಣ ಡಬ್ಬಿಯಲ್ಲಿಡಿ.